98 ಪರ್ಸೆಂಟ್ ಪುಡಿಯಿಂದಲೇ ವನೇಡಿಯಂ ಎಲೆಕ್ಟ್ರೋಲೈಟ್: ನನ್ನ ಅನುಭವ

ವನೇಡಿಯಂ ಫ್ಲೋ ಬ್ಯಾಟರಿ ಅಂದರೆ ಟ್ಯಾಂಕಿನಲ್ಲಿರುವ ದ್ರಾವಣದಲ್ಲಿ ಕರೆಂಟ್ ಕೂಡಿಡುವ ಬ್ಯಾಟರಿ. ಸಲ್ಫ್ಯೂರಿಕ್ ಆಸಿಡ್‌ನಲ್ಲಿ ವನೇಡಿಯಂ ಕರಗಿಸಿದ ಆ ದ್ರಾವಣವೇ ಎಲೆಕ್ಟ್ರೋಲೈಟ್. ಅದಕ್ಕೆ 98 ಪರ್ಸೆಂಟ್ ಶುದ್ಧ ಇರುವ ವನೇಡಿಯಂ ಪೆಂಟಾಕ್ಸೈಡ್ ಪುಡಿ ಸಾಕು ಅಂದಾಗ ಬಹಳ ಜನ ನಕ್ಕರು. ‘ಕಲ್ಮಶದಿಂದ ಹೈಡ್ರೋಜನ್ ಬಿಟ್ಟು ಬಿಟ್ಟು ಸಾಯುತ್ತೆ, ಸುಮ್ನೆ ಇರಿ’ ಅಂದರು. ಈಗ ಆ ಟ್ಯಾಂಕ್ ಓಡುತ್ತಿದೆ. ಕೆಪಾಸಿಟಿಯಲ್ಲಿ ದುಬಾರಿ ಎಲೆಕ್ಟ್ರೋಲೈಟ್‌ಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಬ್ಯಾಟರಿ ಓಡುವ ಗಂಟೆ ಹೆಚ್ಚಿದಷ್ಟೂ ದುಡ್ಡೆಲ್ಲ ಟ್ಯಾಂಕಿಗೇ ಹೋಗುತ್ತದೆ. ದ್ರಾವಣದಲ್ಲಿ ವನೇಡಿಯಂ 1.6 ಮೋಲಾರ್ (ಲೀಟರಿಗೆ 1.6 ಮೋಲ್) ಬೇಕೆಂದರೆ ಲೀಟರಿಗೆ ಸುಮಾರು 145 ಗ್ರಾಂ ಪುಡಿ. ಉಳಿಸುವುದಿದ್ದರೆ ಅಲ್ಲೇ ಉಳಿಸಬೇಕು, ಅಲ್ವಾ?

ಪುಡಿಯಲ್ಲಿ ವನೇಡಿಯಂ ಐದನೇ ಆಕ್ಸಿಡೇಶನ್ ಸ್ಥಿತಿಯಲ್ಲಿರುತ್ತದೆ, ಬ್ಯಾಟರಿಗೆ ಹಾಕುವಾಗ ಅದರ ಸರಾಸರಿ 3.5ಕ್ಕೆ ಇಳಿದಿರಬೇಕು. ಇಳಿಸಲು ಮೊದಲು ಸಲ್ಫರ್ ಡೈಆಕ್ಸೈಡ್ ಹಿಡಿದೆ. ಗ್ಯಾಸ್ ಅಗ್ಗ, ಆದರೆ ಉಳಿದ ಗ್ಯಾಸ್ ತೊಳೆಯುವ ಸ್ಕ್ರಬ್ಬರ್‌ಗೆ ಸುರಿದ ದುಡ್ಡು ವಾಪಸ್ ಬರಲಿಲ್ಲ. ಆಮೇಲೆ ವನೇಡಿಯಂ ಟ್ರೈಆಕ್ಸೈಡ್ ಮೂರು ಮೋಲ್, ಪೆಂಟಾಕ್ಸೈಡ್ ಒಂದು ಮೋಲ್ ಬೆರೆಸಿದೆ. ನೇರವಾಗಿ 3.5 ಬರುತ್ತದೆ, ಕರೆಂಟ್ ಬೇಡವೇ ಬೇಡ. ಲೆಕ್ಕ ಚೆಂದ, ಟ್ರೈಆಕ್ಸೈಡ್ ಬಿಲ್ ಚೆಂದ ಇಲ್ಲ.

ಕೊನೆಗೆ ನಿಂತದ್ದು ಆಕ್ಸಾಲಿಕ್ ಆಸಿಡ್. ಕಿಲೋ ಪುಡಿಗೆ 700 ಗ್ರಾಂ ಆಸುಪಾಸು. 70-80 ಡಿಗ್ರಿಯಲ್ಲಿ ಸ್ವಲ್ಪಸ್ವಲ್ಪವೇ ಹಾಕಿ, ಒಟ್ಟಿಗೆ ಸುರಿದರೆ ಹಾಲು ಉಕ್ಕಿದ ಹಾಗೆ ನೊರೆ ಹೊರಗೆ ಬರುತ್ತದೆ. ಪೂರ್ತಿ ನೀಲಿ (ಅಂದರೆ ನಾಲ್ಕನೇ ಸ್ಥಿತಿ) ಆಗುವ ಮೊದಲೇ, ಚೂರು ಹಸಿರು ಉಳಿದಿರುವಾಗಲೇ ನಾನು ನಿಲ್ಲಿಸುತ್ತೇನೆ. ಆಕ್ಸಾಲಿಕ್ ಜಾಸ್ತಿಯಾದರೆ ಸೆಲ್‌ನಲ್ಲಿ ಗ್ಯಾಸಿನ ಕಾಟ.

ಅಸಲು ಕೆಲಸ ಇಲ್ಲಿಂದ ಶುರು. ತಣ್ಣಗಾದ ಮೇಲೆ ಕೂರಲು ಬಿಟ್ಟು ಸೋಸುತ್ತೇನೆ. ಪುಡಿಯಲ್ಲಿನ ಸಿಲಿಕಾ ಉಳಿದರೆ ಸೆಲ್‌ನ ಫೆಲ್ಟ್ (ಎಲೆಕ್ಟ್ರೋಡ್ ಆಗಿರುವ ಕಾರ್ಬನ್ ಬಟ್ಟೆ) ಕಟ್ಟಿಕೊಳ್ಳುತ್ತದೆ. ನಂತರ ಎಸೆಯಬೇಕಿದ್ದ ಹಳೇ ಫೆಲ್ಟ್ ಹಾಕಿದ ಸೆಲ್‌ನಲ್ಲಿ ಮೊದಲ ಚಾರ್ಜ್. ತಾಮ್ರ ಅದರ ಮೇಲೆಯೇ ಕೂರುತ್ತದೆ. ಕಬ್ಬಿಣ ಹೋಗುವುದಿಲ್ಲ, ನನ್ನ ಪುಡಿಯಲ್ಲಿ ಅದರಿಂದ ದೊಡ್ಡ ತೊಂದರೆಯೂ ಆಗಿಲ್ಲ. ಫೆಲ್ಟನ್ನು ಎಷ್ಟು ವೋಲ್ಟಿಗೆ ಹಿಡಿಯಬೇಕು, ಯಾವಾಗ ತೆಗೆಯಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಅದನ್ನು ಹಿಡಿಯಲು ಖರ್ಚಾದದ್ದು ಕಮ್ಮಿಯೇನಲ್ಲ.

ನಾಲ್ಕರಿಂದ 3.5ಕ್ಕೆ ತರಲು ಲೀಟರಿಗೆ ಲೆಕ್ಕದಲ್ಲಿ 21 ಆಂಪಿಯರ್-ಅವರ್. ನನಗೆ 24ರ ಹತ್ತಿರ ಬೀಳುತ್ತದೆ. ಪಾಸಿಟಿವ್ ಕಡೆ ಮತ್ತೆ ಐದಕ್ಕೆ ಏರಿ ಹಳದಿಯಾದ ದ್ರಾವಣವನ್ನು ಮುಂದಿನ ಬ್ಯಾಚಿನ ಕೆಟಲ್‌ಗೆ ಸುರಿಯುತ್ತೇನೆ, ಆಕ್ಸಾಲಿಕ್ ಅದನ್ನು ಮತ್ತೆ ನಾಲ್ಕಕ್ಕೆ ತರುತ್ತದೆ. ಒಂದು ಹನಿಯೂ ಹಾಳಾಗುವುದಿಲ್ಲ.

ನಡುವೆ ಹೈಡ್ರೋಕ್ಲೋರಿಕ್ ಬೆರೆಸಿಯೂ ನೋಡಿದೆ. ಎರಡು ಮೋಲಾರ್ ದಾಟಿತು, ಸೆಕೆಗೂ ಜಗ್ಗಲಿಲ್ಲ. ಆದರೆ ಓವರ್‌ಚಾರ್ಜ್ ಆದರೆ ಕ್ಲೋರಿನ್ ವಾಸನೆ, ಗ್ಯಾಸ್ಕೆಟ್‌ಗಳ ಗತಿ ಕೇಳಬೇಡಿ. ಈಗ ಸೆಕೆಗೆ ಗಸಿ ಕಟ್ಟದಿರಲಿ ಅಂತ ಸ್ವಲ್ಪ ಫಾಸ್ಫಾರಿಕ್ ಆಸಿಡ್ ಹಾಕಿ, 40 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತೇನೆ.

ಪುಡಿಯ ಬಿಲ್ಲಿನಲ್ಲಿ ಮೂರನೇ ಒಂದು ಭಾಗ ಉಳಿದಿದೆ ಅನ್ನಬಹುದು. ಇದನ್ನು ಕೇಳಿ ಅಮೋನಿಯಂ ಮೆಟಾವನಡೇಟ್ (ಪೆಂಟಾಕ್ಸೈಡ್ ಆಗುವ ಮೊದಲಿನ ವನೇಡಿಯಂ ಉಪ್ಪು) ಇನ್ನೂ ಅಗ್ಗ ಅಂತ ನೇರವಾಗಿ ಕರಗಿಸಲು ಹೋಗಬೇಡಿ. ಅಮೋನಿಯಂ ಉಳಿದರೆ ಟ್ಯಾಂಕಿನ ತಳದಲ್ಲಿ ಗಸಿ ಕಟ್ಟುತ್ತದೆ. ಮೊದಲು ಚೆನ್ನಾಗಿ ಹುರಿದು ಪೆಂಟಾಕ್ಸೈಡ್ ಮಾಡಿಕೊಳ್ಳಿ.