ತೋಟಕ್ಕೆ ಹೋದ ಕ್ಯಾನು, ಅರ್ಜಿಗೆ ಬಂದ ಅಂಕಿ

ಹಾಸನದ ವೈದ್ಯಕೀಯ ಕಾಲೇಜೊಂದರಲ್ಲಿ ನಾನು ಶರೀರಕ್ರಿಯಾ ವಿಜ್ಞಾನ ಕಲಿಸುತ್ತೇನೆ. ಕಿಡ್ನಿಯ ಸಂಶೋಧನೆ ಎಂದೊಡನೆ ಹೆಚ್ಚಿನವರಿಗೆ ಡಯಾಲಿಸಿಸ್ ಯಂತ್ರ ನೆನಪಾಗುತ್ತದೆ. ನನ್ನ ಕೆಲಸ ನಡೆದದ್ದು ಆರೋಗ್ಯವಂತರ ಮೂತ್ರದ ಮೇಲೆ. ಎರಡು ಮೂತ್ರಪಿಂಡಗಳೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಟ್ಟು, ಉಳಿದುದನ್ನು ಮರಳಿ ಹೀರಿಕೊಳ್ಳುತ್ತವೆ. ದಿನವಿಡೀ ಮೈಮುರಿದು ದುಡಿಯುವ, ನೀರು ಕಡಿಮೆ ಕುಡಿಯುವ ಕಾಫಿ ತೋಟದ ಕಾರ್ಮಿಕರಲ್ಲಿ ನೀರು ಮತ್ತು ಉಪ್ಪಿನ ಈ ಲೆಕ್ಕ ಹೇಗೆ ಸರಿದೂಗುತ್ತದೆ ಎಂಬುದು ನಾನು ಹಿಡಿದ ಪ್ರಶ್ನೆ. 1920ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ರಿಚರ್ಡ್ಸ್ ಮತ್ತು ಸಂಗಡಿಗರು ಕಪ್ಪೆಯ ಮೂತ್ರಪಿಂಡಕ್ಕೆ ಕೂದಲಿನಷ್ಟು ಸಣ್ಣ ಗಾಜಿನ ನಳಿಕೆ ಇಳಿಸಿ, ಸೋಸಿದ ದ್ರವವನ್ನೇ ಹೊರತೆಗೆದು ಪರೀಕ್ಷಿಸಿದ್ದರು. ಅಂಥ ಸೌಕರ್ಯ ನಮ್ಮಲ್ಲಿರಲಿಲ್ಲ. ಸಕಲೇಶಪುರದ ತೋಟಗಳಾದರೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ತಿಂದ ಉಪ್ಪಿನ ಬಹುಪಾಲು ಮೂತ್ರದಲ್ಲೇ ಹೋಗುವುದರಿಂದ, ಯಾರು ಎಷ್ಟು ಉಪ್ಪು ತಿನ್ನುತ್ತಾರೆ ಎಂದು ತಿಳಿಯಲು ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಪೂರ್ತಿ ಸಂಗ್ರಹಿಸುವುದೇ ನಂಬಬಹುದಾದ ದಾರಿ. ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಬೇಕು. ಅಲ್ಲಿಂದ ಮುಂದಿನದನ್ನೆಲ್ಲ, ಮರುದಿನದ ಮೊದಲ ಮೂತ್ರವೂ ಸೇರಿ, ಕ್ಯಾನಿಗೆ ಹಾಕಬೇಕು. ಕೇಳಲು ಇಷ್ಟೇ. ಮೊದಲ ಹಂಗಾಮಿನಲ್ಲಿ ಐದು ಲೀಟರಿನ ಬಿಳಿ ಕ್ಯಾನುಗಳನ್ನು ಹಂಚಿ, ಮರುದಿನ ಕಾರ್ಮಿಕರ ಲೈನ್ ಮನೆಗಳ ಮುಂದೆ ನಿಂತು ವಾಪಸು ಪಡೆದು, ಹೆಮ್ಮೆಯಿಂದ ಹಾಸನಕ್ಕೆ ತಂದೆ. ಕ್ರಿಯಾಟಿನಿನ್ ಅಳೆದಾಗ ಕಥೆ ಬೇರೆಯಾಗಿತ್ತು. ಈ ವಸ್ತು ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬೀಳುತ್ತದೆ: ವಯಸ್ಕ ಗಂಡಸರಲ್ಲಿ ಕಿಲೋ ತೂಕಕ್ಕೆ ಸುಮಾರು 20ರಿಂದ 25 ಮಿಲಿಗ್ರಾಂ, ಹೆಂಗಸರಲ್ಲಿ 15ರಿಂದ 20. ನಮ್ಮ ಕ್ಯಾನುಗಳಲ್ಲಿ ಹಲವಕ್ಕೆ ಇದರ ಅರ್ಧವೂ ಬರಲಿಲ್ಲ, ಅಂದರೆ ದಿನದ ಮೂತ್ರ ಪೂರ್ತಿ ಸೇರಿರಲಿಲ್ಲ. ವಿಶೇಷವಾಗಿ ಹೆಂಗಸರ ಕ್ಯಾನುಗಳಲ್ಲಿ ಹಗಲಿನ ಮೂತ್ರವೇ ಇರಲಿಲ್ಲ. ಒಂದು ಇಡೀ ಹಂಗಾಮಿನ ಕೆಲಸ ಮಣ್ಣುಪಾಲಾಯಿತು.

ಹಣ್ಣು ಕೊಯ್ಯುವ ಹಿರಿಯ ಹೆಂಗಸೊಬ್ಬರನ್ನು ಕೇಳಿದೆ. ಅವರು ಸೊಂಟದ ಚೀಲ ಬಿಚ್ಚಿ ಕೆಳಗಿಟ್ಟು, “ಅಷ್ಟು ದೊಡ್ಡ ಕ್ಯಾನು ಹೊತ್ಕೊಂಡು ಹಣ್ಣು ಕುಯ್ಯಕ್ಕಾಗುತ್ತಾ ಸಾರ್? ಗಂಡಸರ ಕಣ್ಣೆದುರಿಗೆ ಅದನ್ನ ಹಿಡ್ಕೊಂಡು ಎಲ್ಲಿಗೆ ಹೋಗಾನ? ಚಿಕ್ಕದೊಂದು ಕೊಡಿ, ಚೀಲದಲ್ಲಿ ಇಟ್ಕೋತೀವಿ” ಎಂದರು. ಹಾಗೆಯೇ ಮಾಡಿದೆವು: ಮನೆಗೆ ದೊಡ್ಡ ಕ್ಯಾನು, ತೋಟಕ್ಕೆ ಅಗಲ ಬಾಯಿಯ, ತಿರುಪು ಮುಚ್ಚಳದ, ಒಂದು ಲೀಟರಿನ ಡಬ್ಬಿ, ಅದನ್ನು ಮರೆಮಾಡಲು ಕಪ್ಪು ಬಟ್ಟೆಯ ಚೀಲ. ಮುಂದಿನ ಹಂಗಾಮಿನಲ್ಲಿ ಕ್ರಿಯಾಟಿನಿನ್ ಲೆಕ್ಕಕ್ಕೆ ಕೂತಿತು.

ಈ ಡಬ್ಬಿಯ ವಿಷಯವನ್ನು ಎರಡು ಪುಟದ ಟಿಪ್ಪಣಿಯಾಗಿ ಬರೆದು ಸಾಧಾರಣ ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದೆ. ಮೂಲ ಪ್ರಶ್ನೆಯ ಮೇಲಿನ ದೊಡ್ಡ ಲೇಖನಕ್ಕೆ ಆರು ವರ್ಷ ಹಿಡಿಯಿತು, ಮೂರು ಪತ್ರಿಕೆಗಳು ತಿರಸ್ಕರಿಸಿದವು, ಕೊನೆಗೆ, ಪತ್ರಿಕೆಯ ಮಟ್ಟ ಅಳೆಯಲು ಬಳಸುವ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಚೆನ್ನಾಗಿರುವ ಕಡೆ ಪ್ರಕಟವಾಯಿತು. ಕಳೆದ ವರ್ಷ ಬಡ್ತಿಯ ಅರ್ಜಿ ತುಂಬುವಾಗ ಉಲ್ಲೇಖಗಳನ್ನು, ಅಂದರೆ ನಂತರದ ಲೇಖನಗಳು ಇವನ್ನು ಹೆಸರಿಸಿದ್ದನ್ನು, ಎಣಿಸಿದರೆ, ದೊಡ್ಡ ಲೇಖನಕ್ಕೆ ನಾಲ್ಕು. ಅವುಗಳಲ್ಲಿ ಮೂರು ನನ್ನವೇ. ಡಬ್ಬಿಯ ಟಿಪ್ಪಣಿಯನ್ನಾದರೆ ನಾನು ಹೆಸರೇ ಕೇಳಿರದ ಊರುಗಳ ಸಂಶೋಧಕರು ಉಲ್ಲೇಖಿಸಿದ್ದರು.

ಮೊದಲು ಬೇಸರವಾಯಿತೆಂದು ಒಪ್ಪಿಕೊಳ್ಳಬೇಕು. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಪತ್ರಿಕೆಯೊಂದರ ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳ ಸರಾಸರಿ. ಒಳಗಿನ ಒಂದೊಂದು ಲೇಖನದ ಯೋಗ್ಯತೆಯನ್ನು ಅದು ಹೇಳಲಾರದು. ಇದನ್ನು ವಿದ್ಯಾರ್ಥಿಗಳಿಗೆ ಪಾಠ ಮಾಡುವ ನಾನೇ ಅದರ ನೆರಳಲ್ಲಿ ಆರು ವರ್ಷ ಕಾದಿದ್ದೆ. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಸೂಚಿಸಿದ ಎಚ್-ಇಂಡೆಕ್ಸ್ ವ್ಯಕ್ತಿಯ ಲೆಕ್ಕವಾದರೂ (ತಲಾ ಏಳಾದರೂ ಉಲ್ಲೇಖ ಪಡೆದ ಏಳು ಲೇಖನಗಳಿದ್ದರೆ ಸೂಚ್ಯಂಕ ಏಳು) ಅದಕ್ಕೂ ಬೆವರಿನ ಅಳತೆ ಗೊತ್ತಿಲ್ಲ. ನಮ್ಮ ಕ್ಷೇತ್ರದಲ್ಲೇ ನೋಡಿ: 1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ಸಂಶೋಧಕರು, 249 ರೋಗಿಗಳ ಮಾಹಿತಿಯಿಂದ, ವಯಸ್ಸು, ತೂಕ ಮತ್ತು ರಕ್ತದ ಕ್ರಿಯಾಟಿನಿನ್ ಇಷ್ಟರಲ್ಲೇ ಮೂತ್ರಪಿಂಡದ ಸಾಮರ್ಥ್ಯ ಅಂದಾಜಿಸುವ ಸೂತ್ರ ಕೊಟ್ಟರು. ವೈದ್ಯರು ಕಾಗದದ ಅಂಚಿನಲ್ಲೇ ಲೆಕ್ಕ ಹಾಕಬಹುದಾಗಿದ್ದರಿಂದ, ಮೂತ್ರಪಿಂಡದ ಬಗ್ಗೆ ಬಂದ ಅತಿ ಹೆಚ್ಚು ಉಲ್ಲೇಖಿತ ಬರಹಗಳಲ್ಲಿ ಅದೂ ಒಂದಾಯಿತು. ಇಪ್ಪತ್ತನಾಲ್ಕು ಗಂಟೆಯ ಕ್ಯಾನು ಹಿಡಿದು ಓಡಾಡುವ ಕಷ್ಟವನ್ನು ಅದು ಬಹುಮಟ್ಟಿಗೆ ತಪ್ಪಿಸಿತೆಂಬುದು ನನಗೆ ಈಗ ಅರ್ಥವಾಗುವಷ್ಟು ಆಗ ಆಗಿರಲಿಲ್ಲ.

ಟಿಪ್ಪಣಿಯ ಕೃತಜ್ಞತೆಯ ಸಾಲಿನಲ್ಲಿ ಆ ಹೆಂಗಸಿನ ಸಲಹೆಯನ್ನು ನಮೂದಿಸಿದ್ದೆ. ಜಾಗ ಸಾಲದೆಂದು ಪತ್ರಿಕೆಯವರು ಆ ಸಾಲನ್ನು ತೆಗೆಸಿದರು. ನಾನೂ ಜಗಳ ಮಾಡಲಿಲ್ಲ. ಈಗ ಡಬ್ಬಿಯ ಅಳತೆ ಕೇಳಿ ಪತ್ರ ಬಂದಾಗಲೆಲ್ಲ ಅದರ ಚಿತ್ರದೊಂದಿಗೆ ಆ ಸಾಲನ್ನೂ ಸೇರಿಸಿ ಕಳಿಸುತ್ತೇನೆ.