ಎಂಬಿಬಿಎಸ್‌ಗೆ ಹೊರಟ ನಮ್ಮೂರ ಮಕ್ಕಳೇ, ಮೊದಲ ಕೇಸ್ ಶೀಟ್ ನಿಮ್ಮದೇ ಬರೆಯಿರಿ

ನೀಟ್ ಸೀಟು ಹಂಚಿಕೆ ಮುಗಿದ ಕೂಡಲೇ ಪೆರ್ಲ, ಬದಿಯಡ್ಕ ಕಡೆಯ ಒಂದೆರಡು ಮನೆಯವರು ಮಕ್ಕಳನ್ನು ಕರೆದುಕೊಂಡು ನಮ್ಮಲ್ಲಿಗೆ ಬರುತ್ತಾರೆ. "ಅಕ್ಕನ ಹತ್ತಿರ ಕೇಳು, ಎಂತ ಪುಸ್ತಕ ತೆಗೆಯಬೇಕು ಅಂತ." ಪುಸ್ತಕದ ಹೆಸರು ಹೇಳುತ್ತೇನೆ. ದೊಡ್ಡವರು ಅಪ್ಪನ ಜೊತೆ ತೋಟ ನೋಡಲು ಇಳಿದ ಮೇಲೆ ಇನ್ನೊಂದು ವಿಷಯ ಹೇಳುತ್ತೇನೆ. ಓದಿನ ನಡುವೆ ಮನಸ್ಸು ಕುಸಿದರೆ ಎಂತ ಮಾಡಬೇಕು ಅನ್ನುವುದು.

ನಾನು ಓದಿದ್ದು ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು. ಮಲಯಾಳಂ ಅಂದರೆ ಬಸ್ಸಿನ ಬೋರ್ಡ್ ಓದುವಷ್ಟು. ಸೀಟು ಸಿಕ್ಕಿದ್ದು ಕೇರಳದ ಆ ತುದಿಯಲ್ಲಿ. ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಇಳಿಯುವಾಗ ಬೆಳಗಾಗುವಷ್ಟು ದೂರ. ಶಾಲೆಯಲ್ಲಿ ಯಾವಾಗಲೂ ಫಸ್ಟ್ ಇದ್ದವಳು ಮೊದಲ ವರ್ಷ ಅನಾಟಮಿಯಲ್ಲಿ ಫೇಲಾದೆ. ವಾರ್ಡ್ ಶುರುವಾದಾಗ ಅಜ್ಜಿಯೊಬ್ಬರು ಎದೆನೋವಿನ ಬಗ್ಗೆ ಐದು ನಿಮಿಷ ಹೇಳಿದರು, ನನಗೆ ಅರ್ಧ ತಿಳಿಯಲಿಲ್ಲ. ಇಡೀ ಬ್ಯಾಚಿನ ಎದುರು ಸರ್ ಕೇಳಿದರು, "ಗಡಿಯಾಚೆಯೇ ಸೀಟು ಸಿಗಲಿಲ್ವಾ?" ಎಲ್ಲರೂ ನಕ್ಕರು, ನಾನೂ ನಕ್ಕೆ.

ಆ ವರ್ಷ ನಾನು ನನ್ನ ಬಗ್ಗೆ ಡೈರಿಯಲ್ಲಿ ಬರೆದದ್ದು ಎರಡೇ ಪದ: "ನಾನು ವೇಸ್ಟ್."

ಈಗ ಕೇಸ್ ತೆಗೆಯುವ, ಅಂದರೆ ರೋಗಿಯನ್ನು ವಿಚಾರಿಸಿ ಬರೆದುಕೊಳ್ಳುವ ಮೊದಲ ಪಾಠ ಕೇಳಿ. ಚೀಫ್ ಕಂಪ್ಲೇಂಟನ್ನು, ಅಂದರೆ ಮುಖ್ಯ ತೊಂದರೆಯನ್ನು, ರೋಗಿಯ ಸ್ವಂತ ಮಾತಿನಲ್ಲೇ ಬರೆಯಬೇಕು. ಎಷ್ಟು ದಿನದಿಂದ ಅಂತ ಪಕ್ಕದಲ್ಲಿ ಇರಬೇಕು. "ವೇಸ್ಟ್" ಅನ್ನುವುದು ಕಂಪ್ಲೇಂಟ್ ಅಲ್ಲ, ಹಿಸ್ಟರಿಯೇ (ತೊಂದರೆಯ ಹಿನ್ನೆಲೆ) ತೆಗೆಯದೆ ಬರೆದ ಡಯಾಗ್ನೋಸಿಸ್. ಬೇರೆಯವರ ಕೇಸಿನಲ್ಲಿ ಹಾಗೆ ಬರೆದರೆ ಶೀಟ್ ಮುಖಕ್ಕೆ ಬೀಳುತ್ತದೆ. ನಮ್ಮದರಲ್ಲಿ ಮಾತ್ರ ಯಾರೂ ಕೇಳುವುದಿಲ್ಲ.

ಹಾಗಾಗಿ ಒಂದು ಹಾಳೆ ತೆಗೆಯಿರಿ. ನಿದ್ದೆ: ಮಲಗುವುದು ಎಷ್ಟಕ್ಕೆ, ಎಚ್ಚರ ಎಷ್ಟಕ್ಕೆ. ಊಟ: ದಿನಕ್ಕೆ ಎಷ್ಟು ಹೊತ್ತು. ತೂಕ. ಸ್ನಾನ (ನಗಬೇಡಿ, ನಾನು ನಾಲ್ಕು ದಿನ ಬಿಟ್ಟಿದ್ದೆ). ಒಂದು ಪುಟ ಓದಲು ಎಷ್ಟು ಹೊತ್ತು. ಮನೆಯ ಫೋನ್ ಎಷ್ಟು ಸಲ ಎತ್ತಲಿಲ್ಲ. ಪ್ರತಿಯೊಂದರ ಪಕ್ಕ ದಿನ ಬರೆಯಿರಿ. ನನ್ನ ಹಾಳೆ ಹೀಗಿತ್ತು: "ಬೆಳಗ್ಗಿನ ಜಾವ 3ಕ್ಕೆ ಎಚ್ಚರ, 20 ದಿನದಿಂದ. ಊಟ ಒಂದು ಹೊತ್ತು. ತೂಕ 4 ಕಿಲೋ ಕಡಿಮೆ." ಇದನ್ನು ನೋಡಿದರೆ ಯಾವ ಹುಡುಗಿಗೂ "ನೀನು ವೇಸ್ಟ್" ಅನ್ನಲು ಬಾಯಿ ಬರುವುದಿಲ್ಲ, ಅಲ್ವಾ? ಡಾಕ್ಟರ್ ಹತ್ತಿರ ಹೋಗು ಅನ್ನುತ್ತೀರಿ.

ಎಷ್ಟು ದಿನ ಕಾಯುವುದು? ಬೇಜಾರು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ, ದಿನದ ಹೆಚ್ಚಿನ ಹೊತ್ತು ಇದ್ದರೆ ಇನ್ನು ಕಾಯಬೇಡಿ. ಡಿಪ್ರೆಶನ್ ಅಳೆಯುವ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಹೇಗೂ ನಿಮ್ಮ ಸಿಲಬಸ್ಸಿನಲ್ಲೇ ಎದುರಾಗುತ್ತದೆ. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೆ 0ರಿಂದ 3, ಒಟ್ಟು 27. ಹತ್ತು ಅಥವಾ ಜಾಸ್ತಿ ಬಂದರೆ ತೋರಿಸಿಕೊಳ್ಳಿ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆ ಬಗ್ಗೆ. ಅದರಲ್ಲಿ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಒಟ್ಟು ಅಂಕ ನೋಡುತ್ತಾ ಕೂರಬೇಡಿ, ಅದೇ ದಿನ ಒಬ್ಬರಿಗೆ ಹೇಳಿ. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಇವೆರಡರಲ್ಲಿ ಯಾವುದು ಕಡಿಮೆಯಾದರೂ ಹೀಗೇ ಸುಸ್ತು ಹೊಡೆಯುತ್ತದೆ.

ಮನೆಗೆ ಹೇಳುವುದು ಹೇಗೆ ಅನ್ನುವುದು ನಮ್ಮ ಕಡೆಯವರಿಗೆ ಬೇರೆಯೇ ಪಾಠ. ನಾನು ಮೊದಲ ಸಲ ಅಮ್ಮನಿಗೆ ಹೇಳಿದ್ದು, "ಎಂತ ಮಾಡ್ಲಿಕ್ಕೂ ಉದಾಸೀನ ಆಗ್ತದೆ." ನಮ್ಮೂರಿನಲ್ಲಿ ಉದಾಸೀನ ಅಂದರೆ ಸೋಮಾರಿತನ. ಅಮ್ಮ ಕೂಡಲೇ, "ಉದಾಸೀನ ಮಾಡಿದ್ರೆ ಡಾಕ್ಟರ್ ಆಗ್ಲಿಕ್ಕೆ ಆಗ್ತದಾ?" ಅಂದರು. ತಪ್ಪು ಅವರದಲ್ಲ. ಎರಡನೇ ಸಲ "ತಲೆಬಿಸಿ" ಅಂದೆ. ಅದು ಊರಲ್ಲಿ ಎಲ್ಲರಿಗೂ ಇರುವುದೇ. "ಡಿಪ್ರೆಶನ್" ಅಂದಿದ್ದರೆ ನೇರ ಮದುವೆಯ ಚಿಂತೆಗೆ ಹಾರುತ್ತಿದ್ದರು. ಕೊನೆಗೆ ಕೆಲಸಕ್ಕೆ ಬಂದದ್ದು ಆ ಹಾಳೆಯೇ. ರಜೆಯಲ್ಲಿ ಊರಿಗೆ ಬಂದಾಗ ಅಪ್ಪನ ಎದುರು ಕೂತು ಬರೆದದ್ದನ್ನು ಬರೆದ ಹಾಗೆ ಓದಿದೆ. ಆಗ ಮಳೆಗಾಲ. ಅಪ್ಪ ಅಡಿಕೆಗೆ ಬೋರ್ಡೋ ದ್ರಾವಣ ಬಿಡಿಸಿ ಬಂದು ಕೂತಿದ್ದರು, ಕೈಯೆಲ್ಲ ನೀಲಿ.

"ಅದಕ್ಕೆ ಮದ್ದು ಉಂಟಾ?"

"ಉಂಟು."

"ಹಾಗಾದ್ರೆ ತೆಕ್ಕೋ."

ಅಷ್ಟೇ ಮಾತು. ಎಲ್ಲರ ಅಪ್ಪನೂ ಹೀಗೇ ಅಂತ ನಾನು ಹೇಳುವುದಿಲ್ಲ. ಆದರೆ ರೋಗದ ಹೆಸರಿಗಿಂತ ನಿದ್ದೆ, ಊಟ, ತೂಕದ ಲೆಕ್ಕ ಮನೆಯವರಿಗೆ ಬೇಗ ಅರ್ಥವಾಗುತ್ತದೆ.

ಯಾರಿಗೆ ತೋರಿಸುವುದು? ನಿಮ್ಮದೇ ಕಾಲೇಜಿನ ಸೈಕಿಯಾಟ್ರಿ ಒಪಿಯಲ್ಲಿ (ಮನೋರೋಗದ ಹೊರರೋಗಿ ವಿಭಾಗ) ಕೂರಲು ಮುಜುಗರ ಸಹಜ. ನಾಳೆ ಅಲ್ಲೇ ಪೋಸ್ಟಿಂಗ್, ಅದೇ ಸರ್ ವೈವಾ (ಬಾಯಿ ಪರೀಕ್ಷೆ) ತೆಗೆಯುವವರು. ನಾನೂ ಹೊರಗೆ ಹೋದೆ. ಊರಿಗೆ ಬಂದಿದ್ದರೆ ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ ಕನ್ನಡದಲ್ಲೇ ತೋರಿಸಿಕೊಳ್ಳಬಹುದು. ಎಲ್ಲಿ ಹೋದರೂ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಜೀವಕ್ಕೆ ಅಪಾಯ ಇದ್ದಾಗಿನಂಥ ಕೆಲವೇ ಸಂದರ್ಭದಲ್ಲಿ, ಅದೂ ಬೇಕಾದಷ್ಟೇ, ಬೇರೆಯವರಿಗೆ ಹೇಳಬಹುದು. ರಾತ್ರಿ ಎರಡು ಗಂಟೆಗೆ ಯಾವ ಒಪಿಯೂ ತೆರೆದಿರುವುದಿಲ್ಲ. ಅದಕ್ಕೆ 14416, ಅಂದರೆ ಟೆಲಿ ಮನಸ್ ಅನ್ನುವ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ನನ್ನ ಕಾಲದಲ್ಲಿ ಇರಲಿಲ್ಲ. 24 ಗಂಟೆಯೂ ಇದೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು. ಕೇರಳದ ದಿಶಾ ಸಹಾಯವಾಣಿ, 1056, ಕೂಡ ಇದೆ. ಎರಡನ್ನೂ ಈಗಲೇ ಸೇವ್ ಮಾಡಿಕೊಳ್ಳಿ.

ಮಾಡಬಾರದ್ದು ಒಂದು ಇದೆ, ಅದನ್ನು ನಾವೇ ಜಾಸ್ತಿ ಮಾಡುವುದು. ಫಾರ್ಮಕಾಲಜಿ (ಔಷಧಗಳ ಪಾಠ) ಶುರುವಾಯಿತು ಅಂದರೆ ಹಾಸ್ಟೆಲಿನಲ್ಲಿ ಎಲ್ಲರೂ ಡಾಕ್ಟರು. ವೈವಾದ ನಡುಕಕ್ಕೆ ಪ್ರೊಪ್ರನೊಲಾಲ್, ನಿದ್ದೆಗೆ ಯಾರದೋ ಸ್ಯಾಂಪಲ್ ಸ್ಟ್ರಿಪ್. ಆಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್ ಉಸಿರು ಕಟ್ಟಿಸಬಹುದು ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ ಹುಡುಗನೇ ಇನ್ಹೇಲರ್ ಜೇಬಿನಲ್ಲಿಟ್ಟುಕೊಂಡು ಅದನ್ನು ನುಂಗಿದ್ದನ್ನು ನೋಡಿದ್ದೇನೆ. ಡಾಕ್ಟರು ಡಿಪ್ರೆಶನ್ನಿಗೆ ಎಸ್‌ಎಸ್‌ಆರ್‌ಐ ಅನ್ನುವ ಬಗೆಯ ಮಾತ್ರೆ ಕೊಟ್ಟರೆ ಮೂರನೇ ದಿನಕ್ಕೆ "ಏನೂ ಆಗಲಿಲ್ಲ" ಅನ್ನಬೇಡಿ. ಗುಣ ಗೊತ್ತಾಗಲು ಕೆಲವು ವಾರ ಬೇಕು. ಹೊಟ್ಟೆ ತೊಳಸುವುದು ಮಾತ್ರ ಮೊದಲೇ ಬರುತ್ತದೆ, ಮೋಸ. ಶುರುವಿನಲ್ಲಿ ಚಡಪಡಿಕೆ ಅಥವಾ ಕೆಟ್ಟ ಯೋಚನೆ ಜಾಸ್ತಿಯಾದರೆ ಕೂಡಲೇ ಡಾಕ್ಟರಿಗೆ ತಿಳಿಸಿ. ಹುಷಾರಾಯಿತು ಅಂತ ಒಮ್ಮೆಲೇ ನಿಲ್ಲಿಸಲೂ ಬೇಡಿ.

ಸಪ್ಲಿ, ಅಂದರೆ ಫೇಲಾದವರ ಮರುಪರೀಕ್ಷೆ ಬಗ್ಗೆ ಎರಡು ಮಾತು. ಮೊದಲ ವರ್ಷ ದಾಟಲು ನಾಲ್ಕು ಅವಕಾಶ ಇದೆ, ಇಡೀ ಕೋರ್ಸಿಗೆ 9 ವರ್ಷ. ನಾನು ಎರಡನೆಯದರಲ್ಲಿ ದಾಟಿದೆ. ಈಗ ರೋಗಿಗಳು ಯಾರೂ ಕೇಳುವುದಿಲ್ಲ.

ನೀವೊಬ್ಬರೇ ಹೀಗೆ ಅಂದುಕೊಳ್ಳಬೇಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯ ಸಮೀಕ್ಷೆಗೆ 25 ಸಾವಿರಕ್ಕೂ ಜಾಸ್ತಿ ಎಂಬಿಬಿಎಸ್ ವಿದ್ಯಾರ್ಥಿಗಳು ಉತ್ತರಿಸಿದ್ದರು. ಅವರಲ್ಲಿ ಶೇ. 27.8 ಮಂದಿ ತಮಗೆ ಮಾನಸಿಕ ತೊಂದರೆ ಇದೆ ಅಂದರು. ಸುಮಾರು ನಾಲ್ಕರಲ್ಲಿ ಒಬ್ಬರು. ಅಂದರೆ ಡಿಸೆಕ್ಷನ್ ಟೇಬಲ್ ಸುತ್ತ ನಿಂತಾಗ ನಿಮ್ಮ ಎದುರಿಗೂ ಒಬ್ಬರು ಇರಬಹುದು.

ಅಂಥವರು ನಿಮ್ಮ ರೂಮಿನಲ್ಲೇ ಇದ್ದರೆ ಸುತ್ತಿಬಳಸಿ ಕೇಳಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. "ಯಾರಿಗೂ ಹೇಳ್ಬೇಡ" ಅಂತ ಆಣೆ ಹಾಕಿಸಿಕೊಂಡರೂ ವಾರ್ಡನ್ನಿಗೋ ಮನೆಗೋ ಹೇಳಿ, ಕ್ಯಾಶುವಾಲಿಟಿಗೆ (ತುರ್ತು ಚಿಕಿತ್ಸೆಯ ವಿಭಾಗ) ಜೊತೆಯಲ್ಲೇ ನಡೆಯಿರಿ. ಸಿಟ್ಟು ಮಾಡಿಕೊಳ್ಳಲಿ, ಪರವಾಗಿಲ್ಲ.

ನನ್ನನ್ನು ಕೇಳಿದ್ದು ಆಲಪ್ಪುಳ ಕಡೆಯ ರೂಮ್‌ಮೇಟ್. ಅವಳು ಮಲಯಾಳಂನಲ್ಲಿ ಕೇಳಿದಳು. ನಾನು ಇದ್ದದ್ದನ್ನೆಲ್ಲ ಕನ್ನಡದಲ್ಲೇ ಹೇಳಿಬಿಟ್ಟೆ, ಆ ಹೊತ್ತಿಗೆ ಬೇರೆ ಭಾಷೆ ಬರಲೇ ಇಲ್ಲ. ಅವಳಿಗೆ ಎಷ್ಟು ಗೊತ್ತಾಯಿತೋ. ಎದ್ದು ಬಾಗಿಲಿಗೆ ಚಿಲಕ ಹಾಕಿ, ಮೆಸ್ಸಿನಿಂದ ತಂದಿಟ್ಟಿದ್ದ ಗಂಜಿಯ ಬಟ್ಟಲನ್ನು ನನ್ನ ಕಡೆ ತಳ್ಳಿ, ಪಕ್ಕದಲ್ಲೇ ಕೂತಳು.