ಬೆಳ್ಳಕ್ಕಿಯ ಗರಿ ಎಣಿಸುವಂಥ ಫೋಟೊ ತೆಗೆಯುವುದು ಹೇಗೆ?

ಹೊಸ ಕ್ಯಾಮೆರಾ ಕೊಂಡವರು ಮೊದಲು ವಿಚಾರಿಸುವುದು ಕಬಿನಿ ಸಫಾರಿ ಬಗ್ಗೆ. ಅದಕ್ಕೂ ಮುಂಚೆ ನಾಲ್ಕಾರು ಬೆಳಗ್ಗೆ ಬೆಂಗಳೂರಿನ ಜಕ್ಕೂರು, ಮಡಿವಾಳ ಅಥವಾ ಕೈಕೊಂಡ್ರಹಳ್ಳಿ ಕೆರೆಗೆ ಹೋಗಿ ಬನ್ನಿ. ಕಾಡಿನಲ್ಲಿ ಹುಲಿ ಕಣ್ಣಿಗೆ ಬಿದ್ದರೂ ಅದು ಕೆಲವೇ ಸೆಕೆಂಡು. ಆಗ ಬಟನ್ ಹುಡುಕುತ್ತಾ ಕೂರಲು ಆಗುವುದಿಲ್ಲ. ಕೆರೆಯ ಬೆಳ್ಳಕ್ಕಿ ಮೀನಿಗಾಗಿ ಒಂದೇ ಕಡೆ ಎಷ್ಟೋ ಹೊತ್ತು ನಿಂತಿರುತ್ತದೆ. ಬಿಳಿ ಮೈ, ಕಪ್ಪು ನೀರು, ಏರುವ ಬಿಸಿಲು. ಕ್ಯಾಮೆರಾಗೆ ಕಷ್ಟ ಕೊಡುವುದೆಲ್ಲ ಅಲ್ಲೇ ಇದೆ. ಕಲಿಯಲು ಇದಕ್ಕಿಂತ ಒಳ್ಳೆಯ ಹಕ್ಕಿ ಇಲ್ಲ.

ಎಲ್ಲಿ ನಿಲ್ಲಬೇಕು

ಬೆಳಗಿನ ಮೊದಲ ಎರಡು ಗಂಟೆ ನಿಮ್ಮದು. ಬೆಂಗಳೂರಿನಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ, ಜೂನ್‌ನಲ್ಲಿ 6 ಗಂಟೆಯೊಳಗೆ. ಬೆಳಗ್ಗೆ ಕೆರೆಯ ಪೂರ್ವ ದಂಡೆಯಲ್ಲಿ ನಿಂತರೆ ಬಿಸಿಲು ನಿಮ್ಮ ಬೆನ್ನಿಗೆ, ಹಕ್ಕಿಯ ಮುಖಕ್ಕೆ ಬೀಳುತ್ತದೆ. ಸಂಜೆ ಪಶ್ಚಿಮ ದಂಡೆ. ಆದಷ್ಟು ಕೂತು ತೆಗೆಯಿರಿ. ಲೆನ್ಸ್ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದಾಗ ಹಿಂದಿನ ದೃಶ್ಯ ದೂರ ಹೋಗಿ ಮಸುಕಾಗುತ್ತದೆ, ಹಕ್ಕಿ ಎದ್ದು ಕಾಣುತ್ತದೆ.

ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಬಿಸಿಯಾಗಿ ಅಲುಗಾಡುತ್ತದೆ. ಲಕ್ಷಾಂತರ ರೂಪಾಯಿಯ ಲೆನ್ಸ್ ಇದ್ದರೂ ಆಗ ದೂರದ ಹೆಜ್ಜಾರ್ಲೆ ಸ್ಪಷ್ಟವಾಗಿ ಬರುವುದಿಲ್ಲ. ಮನೆಗೆ ಹೊರಡಿ, ಇಲ್ಲವೇ ಹತ್ತಿರದ ಹಕ್ಕಿ ಹುಡುಕಿ. ಕೆಲವು ಕಡೆ ದೊಡ್ಡ ಕ್ಯಾಮೆರಾಗೆ ಅನುಮತಿ ಬೇಕಾಗಬಹುದು. ಗೇಟಿನಲ್ಲೇ ಕೇಳಿಬಿಡಿ.

ಶಟರ್ ಮೊದಲು, ಉಳಿದದ್ದು ಆಮೇಲೆ

ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸ್ ಎಷ್ಟು ಎಂಎಂ ಇದೆಯೋ ಅಷ್ಟರಲ್ಲಿ ಒಂದು ಭಾಗ ಸೆಕೆಂಡಾದರೂ ಶಟರ್ ವೇಗ (ಶಟರ್ ತೆರೆದಿರುವ ಹೊತ್ತು) ಇರಬೇಕು ಎನ್ನುವುದು ಹಳೆಯ ಲೆಕ್ಕ. ಚಿಕ್ಕ ಸೆನ್ಸರ್‌ನ (ಎಪಿಎಸ್-ಸಿ) ಕ್ಯಾಮೆರಾದಲ್ಲಿ ಅದನ್ನು ಒಂದೂವರೆಯಿಂದ ಗುಣಿಸಿ. 300 ಎಂಎಂ ಲೆನ್ಸ್ ಆದರೆ 450. ಅಂದರೆ 1/500 ಇಟ್ಟುಕೊಳ್ಳಿ. ಇದು ನಿಮ್ಮ ಕೈ ನಡುಕಕ್ಕೆ ಮಾತ್ರ. ಹಕ್ಕಿ ಅಲುಗಿದರೆ ಇದು ಸಾಲದು. ಕೈ ನಡುಕ ತಗ್ಗಿಸುವ ಲೆನ್ಸಿನ ಸ್ಟೆಬಿಲೈಸರ್ ಕೂಡ ಅಲ್ಲಿ ಸಹಾಯಕ್ಕೆ ಬರುವುದಿಲ್ಲ. ನಿಧಾನ ರೆಕ್ಕೆ ಬಡಿಯುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗೆ 1/1250ರಷ್ಟು ಬೇಕು. ನೀರಿಗೆ ಧುಮುಕುವ ಮಿಂಚುಳ್ಳಿಗೆ 1/3200 ಇಟ್ಟರೂ ಜಾಸ್ತಿ ಅಲ್ಲ.

ಮೋಡ್ ಮ್ಯಾನ್ಯುವಲ್‌ಗೆ ತಿರುಗಿಸಿ. ಶಟರ್ ನೀವು ಇಡಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್ 5.6 ಅಥವಾ 6.3. ಬೆಳಕು ಸಾಕಷ್ಟಿದ್ದರೆ ಎಫ್ 8, ಸಾಧಾರಣ ಜೂಮ್ ಲೆನ್ಸ್‌ಗಳು ಅಲ್ಲಿ ಇನ್ನೂ ಸ್ಪಷ್ಟ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೊದಲ್ಲಿರಲಿ, ಗರಿಷ್ಠ 3200 ಅಥವಾ 6400. ಕಾಳು ಕಾಳಾಗಿ ಕಾಣುತ್ತದೆ ಅಂತ ಐಎಸ್‌ಒಗೆ ಹೆದರಿ ಶಟರ್ ವೇಗ ಇಳಿಸಬೇಡಿ. ಕಾಳನ್ನು ಕಂಪ್ಯೂಟರಿನಲ್ಲಿ ತಗ್ಗಿಸಬಹುದು. ಅಲುಗಿದ ಕಣ್ಣನ್ನು ಸರಿಮಾಡಲು ಆಗುವುದಿಲ್ಲ.

ಟ್ರೈಪಾಡ್ ಇಲ್ಲದಿದ್ದರೆ ಹಳೆ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ರಾಗಿ ತುಂಬಿ, ಎರಡೂ ಬದಿ ಹೊಲಿಯಿರಿ. ಕೆರೆಯ ಕಟ್ಟೆ, ಕಾರಿನ ಕಿಟಕಿ ಎಲ್ಲ ಕಡೆ ಲೆನ್ಸ್ ಅದರ ಮೇಲೆ ಗಟ್ಟಿಯಾಗಿ ಕೂರುತ್ತದೆ.

ಫೋಕಸ್ ಕಣ್ಣಿನ ಮೇಲೆ

ಫೋಕಸ್ ಮೋಡ್ ಕ್ಯಾನನ್‌ನಲ್ಲಿ ಎಐ ಸರ್ವೋ ಅಥವಾ ಸರ್ವೋ, ನಿಕಾನ್ ಮತ್ತು ಸೋನಿಯಲ್ಲಿ ಎಎಫ್-ಸಿ. ಇದರಲ್ಲಿದ್ದರೆ ಹಕ್ಕಿ ನಡೆದಂತೆ ಫೋಕಸ್ ಕೂಡ ನಡೆಯುತ್ತದೆ. ಎಷ್ಟೋ ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ತಾವೇ ಹಕ್ಕಿಯ ಕಣ್ಣು ಹುಡುಕುತ್ತವೆ. ಹಳೆಯದಾದರೆ ಒಂದೇ ಫೋಕಸ್ ಪಾಯಿಂಟ್ ಆರಿಸಿ, ಅದನ್ನು ಕಣ್ಣಿನ ಮೇಲಿಡಿ. ಎಲ್ಲ ಪಾಯಿಂಟ್ ತೆರೆದಿಟ್ಟರೆ ಮುಂದಿನ ಜೊಂಡು ಹುಲ್ಲಿಗೇ ಫೋಕಸ್ ಹೋಗುತ್ತದೆ.

ಬಿಳಿ ಹಕ್ಕಿ, ಕಪ್ಪು ಹಕ್ಕಿ

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲೇ ಇದೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್‌ಗೆ ಬೆಳ್ಳಕ್ಕಿ ಬಿಳಿ ಅಂತ ಗೊತ್ತಿಲ್ಲ. ಅದು ಕಂಡದ್ದನ್ನೆಲ್ಲ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಹಾಗಾಗಿ ಒಂದೇ ಬೆಳ್ಳಕ್ಕಿ ಎರಡು ಥರ ತೊಂದರೆ ಕೊಡುತ್ತದೆ. ಅದು ಹತ್ತಿರ ಬಂದು ಚೌಕಟ್ಟು ತುಂಬಿದರೆ ಕ್ಯಾಮೆರಾ ಕತ್ತಲು ಮಾಡಿ, ಬಿಳುಪನ್ನು ಬೂದಿ ಮಾಡುತ್ತದೆ. ಆಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ನಲ್ಲಿ (+/- ಗುರುತಿನದು) ಪ್ಲಸ್ ಕಡೆ ಒಂದು ಸ್ಟಾಪಿನಷ್ಟು, ಅಂದರೆ ಎರಡರಷ್ಟು ಬೆಳಕು ಕೊಡಬೇಕು. ಅದೇ ಹಕ್ಕಿ ದೂರದಲ್ಲಿ, ಕಪ್ಪು ನೀರಿನ ನಡುವೆ ಚಿಕ್ಕದಾಗಿದ್ದರೆ, ಮೀಟರ್ ನೀರನ್ನು ನೋಡಿ ಬೆಳಕು ಹೆಚ್ಚಿಸುತ್ತದೆ. ಗರಿಗಳೆಲ್ಲ ಸುಟ್ಟು ಬಿಳಿ ಕಾಗದ ಆಗುತ್ತವೆ. ಆಗ ಮೈನಸ್ ಕಡೆ ಒಂದು. ‘ಬಿಳಿ ಹಕ್ಕಿಗೆ ಪ್ಲಸ್’ ಅಂತ ಬಾಯಿಪಾಠ ಮಾಡಿದವರಿಗೆ ಈ ಎರಡನೆಯದು ಕೈಕೊಡುತ್ತದೆ. ನೋಡಬೇಕಾದ್ದು ಹಕ್ಕಿಯ ಹಿಂದೆ ಏನಿದೆ ಎಂದು.

ಆಕಾಶದಲ್ಲಿ ಸುತ್ತುವ ಹದ್ದಿಗೂ ಪ್ಲಸ್ ಒಂದರಿಂದ ಒಂದೂವರೆ ಬೇಕು. ಇಲ್ಲದಿದ್ದರೆ ಬರೀ ಕಪ್ಪು ಆಕಾರ ಸಿಗುತ್ತದೆ. ಚೌಕಟ್ಟು ತುಂಬಿದ ನೀರುಕಾಗೆಗೆ ಮೈನಸ್ ಅರ್ಧ.

ಹಾರುವ ಹಕ್ಕಿ ಮರದ ಮುಂದಿನಿಂದ ಆಕಾಶಕ್ಕೆ ಬರುವಾಗ ಆಟೊ ಐಎಸ್‌ಒ ಗೊಂದಲಕ್ಕೆ ಬೀಳುತ್ತದೆ. ಹಿನ್ನೆಲೆ ಬದಲಾದರೂ ಹಕ್ಕಿಯ ಮೇಲಿನ ಬಿಸಿಲು ಅಷ್ಟೇ ಇದೆ, ಅಲ್ವಾ? ಅಂಥಲ್ಲಿ ಐಎಸ್‌ಒ ಕೂಡ ನೀವೇ ಇಡಿ. ಮೋಡವಿಲ್ಲದ ಒಳ್ಳೆಯ ಬಿಸಿಲಿನಲ್ಲಿ ಎಫ್ 8, 1/1600, ಐಎಸ್‌ಒ 400ರಿಂದ ಶುರು ಮಾಡಿ. ಬೆಳ್ಳಕ್ಕಿಗಾದರೆ ಶಟರ್ ವೇಗ ಇನ್ನೆರಡು ಕ್ಲಿಕ್ ಏರಿಸಿ.

ಮೆನುವಿನಲ್ಲಿ ಹೈಲೈಟ್ ಅಲರ್ಟ್ ಆನ್ ಮಾಡಿ. ಸುಟ್ಟ ಬಿಳುಪು ಪರದೆಯಲ್ಲಿ ಮಿಟುಕುತ್ತದೆ. ಮಿಟುಕಿದ ಕಡೆ ಗರಿಯ ವಿವರ ಉಳಿದಿರುವುದು ಕಡಿಮೆ, ಕೂಡಲೇ ಬೆಳಕು ತಗ್ಗಿಸಿ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಕಡತ) ತೆಗೆದರೆ ಕತ್ತಲಾದ ಭಾಗವನ್ನು ಆಮೇಲೆ ಎತ್ತಬಹುದು. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅಂಥವರು ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರದ ಲೆಕ್ಕದಲ್ಲಿ ಕೆಲಸ ಮಾಡಿದರು. ರೋಲ್ ತೊಳೆಯುವ ತನಕ ಏನು ಬಂದಿದೆ ಎಂದು ತಿಳಿಯುತ್ತಿರಲಿಲ್ಲ. ನಮಗೆ ನಿಂತಲ್ಲೇ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕತ್ತಲು, ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ) ಸಿಗುತ್ತದೆ. ದಯವಿಟ್ಟು ಅದನ್ನು ನೋಡಿ.

ಬನ್ನೇರುಘಟ್ಟಕ್ಕೆ ಹೋದರೆ

ಅಲ್ಲಿನ ಜೈವಿಕ ಉದ್ಯಾನ ಮಂಗಳವಾರ ರಜೆ. ತಂತಿ ಜಾಲರಿ ಅಡ್ಡ ಬಂದರೆ ಲೆನ್ಸನ್ನು ಅದಕ್ಕೆ ಹತ್ತಿರ ತಂದು, ಅಪರ್ಚರ್ ಪೂರ್ತಿ ತೆರೆಯಿರಿ. ಪ್ರಾಣಿ ದೂರದಲ್ಲಿದ್ದಷ್ಟೂ ಜಾಲರಿ ಕರಗಿ ಹೋಗುತ್ತದೆ. ಸಫಾರಿ ಬಸ್ಸಿನ ಇಂಜಿನ್ ಓಡುತ್ತಿದ್ದರೆ ಮೊಣಕೈಯನ್ನು ಕಿಟಕಿಗೆ ಊರಬೇಡಿ, ನಡುಕ ನೇರವಾಗಿ ಲೆನ್ಸಿಗೆ ಬರುತ್ತದೆ.

ಎಲ್ಲೇ ಹೋದರೂ ಗೂಡಿನ ಹತ್ತಿರ ಹೋಗಬೇಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಹಕ್ಕಿ ತಿನ್ನುವುದು ಬಿಟ್ಟು ನಿಮ್ಮನ್ನೇ ನೋಡುತ್ತಿದ್ದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಹಿಂದೆ ಸರಿಯಿರಿ.

ಮನೆಗೆ ಬಂದ ಮೇಲೆ

ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿ ನೋಡಿ. ಮಸುಕಾದದ್ದನ್ನು ಸುಮ್ನೆ ಅಳಿಸಬೇಡಿ, ಕಾರಣ ಅದರಲ್ಲೇ ಇರುತ್ತದೆ. ಹುಲ್ಲು, ನೀರು, ಹಕ್ಕಿ ಎಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಹುಲ್ಲು ಸ್ಪಷ್ಟವಾಗಿದ್ದು ರೆಕ್ಕೆ ಎಳೆದಂತಿದ್ದರೆ ಶಟರ್ ವೇಗ ಸಾಲಲಿಲ್ಲ. ಬೆನ್ನಿನ ಗರಿ ಸ್ಪಷ್ಟ, ಕಣ್ಣು ಮಸುಕು ಅಂದರೆ ಫೋಕಸ್ ಪಾಯಿಂಟ್ ಜಾರಿದೆ. ಎಲ್ಲವೂ ಮೆತ್ತಗೆ, ಯಾವ ದಿಕ್ಕಿಗೂ ಎಳೆದಿಲ್ಲ, ತೆಗೆದ ಸಮಯ ಹತ್ತು ಗಂಟೆ ದಾಟಿದೆ ಅಂದರೆ ಅದು ಬಹುಪಾಲು ಬಿಸಿಗಾಳಿಯ ಕೆಲಸ. ಮುಂದಿನ ಭಾನುವಾರ ಅದೇ ಜಾಗಕ್ಕೆ ಎರಡು ಗಂಟೆ ಮುಂಚೆ ಹೋಗಿ.